ತೆರೆಯದ ಕಡತ, ಓದಲಾಗದ ಕನ್ನಡ: ಹಳೆಯ ಬರಹ ಬಿಡಿಸಿಕೊಳ್ಳುವಾಗಿನ ದೋಷ ನಿವಾರಣೆ

ಬರೆಯುವುದನ್ನು ನಿಲ್ಲಿಸಬೇಕೆಂದು ತೀರ್ಮಾನಿಸಲು ಒಂದು ಸಂಜೆ ಸಾಕಾಯಿತು. ಇಪ್ಪತ್ತು ವರ್ಷ ಬರೆದದ್ದನ್ನು ಒಂದೆಡೆ ಕೂಡಿಸಿ ಬಾಗಿಲು ಹಾಕಲು ಮಾತ್ರ ಒಂದಿಡೀ ಮಳೆಗಾಲ ಹಿಡಿಯಿತು. ಮಲೆನಾಡಿನ ಮಳೆಗಾಲವೆಂದರೆ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಬರುವ, ಅಟ್ಟದ ಮೇಲಿನ ಚರ್ಮದ ಚೀಲಕ್ಕೂ ಸಿಡಿಗೂ ಒಂದೇ ಬೂಷ್ಟು ಹಿಡಿಯುವ ಕಾಲ. ಇಂಥ ಕೆಲಸಕ್ಕೆ ಬೇಸಿಗೆಯೇ ಸರಿ ಎಂಬುದು ನನಗೆ ತಡವಾಗಿ ಹೊಳೆಯಿತು.

ನನ್ನ ಮುಂದಿದ್ದ ಸರಂಜಾಮು ಇಷ್ಟು: 2003ರಲ್ಲಿ ಕೊಂಡ ಡೆಸ್ಕ್‌ಟಾಪ್, ಕೀಲು ಮುರಿದ ಲ್ಯಾಪ್‌ಟಾಪ್, ಎರಡು ಡಬ್ಬಿ ಸಿಡಿ, ಏಳೆಂಟು ಫ್ಲಾಪಿ, ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳವನ್ನೇ ಎತ್ತಿ ಹಿಡಿದಿದ್ದ ಒಂದು ಮೊಬೈಲ್. ಇವುಗಳಲ್ಲಿ ನನ್ನ ಸುಮಾರು ನಾನೂರು ಬರಹಗಳು ಹಂಚಿಹೋಗಿದ್ದವು. ಕೆಲವು ಎರಡು ಕಡೆ, ಕೆಲವು ಒಂದೇ ಕಡೆ.

ಇಂಥ ಹೊತ್ತಿನಲ್ಲಿ ಎಲ್ಲರ ಬಾಯಿಂದ ಬರುವ ದೂರು ಒಂದೇ: "ತೆರೆಯುತ್ತಿಲ್ಲ." ಆದರೆ ಆ ಒಂದು ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಯಂತ್ರ ಏಳದಿರುವುದು ಒಂದು. ಯಂತ್ರ ಎದ್ದರೂ ಡಿಸ್ಕ್ ಓದದಿರುವುದು ಇನ್ನೊಂದು. ಡಿಸ್ಕ್ ಓದಿದರೂ ಕಡತವನ್ನು ತೆರೆಯುವ ತಂತ್ರಾಂಶ ಇಲ್ಲದಿರುವುದು ಮತ್ತೊಂದು. ಕಡತ ತೆರೆದರೂ ಒಳಗಿರುವುದು ಕನ್ನಡದಂತೆ ಕಾಣದಿರುವುದು ಕೊನೆಯದು. ಕಾಯಿಲೆ ಯಾವ ಮಟ್ಟದಲ್ಲಿದೆ ಎಂದು ಗೊತ್ತಾಗುವವರೆಗೆ ಏನನ್ನೂ ಸರಿಪಡಿಸಲು ಹೋಗಬೇಡಿ. ಅಕ್ಷರದ ಕಾಯಿಲೆಗೆ ಡಿಸ್ಕಿನ ಔಷಧ ಕೊಡುತ್ತಾ ನಾನು ಎರಡು ವಾರ ಕಳೆದೆ. ಅದಕ್ಕಿಂತ ಕೆಟ್ಟದ್ದೆಂದರೆ, ಚೆನ್ನಾಗಿದ್ದ ಒಂದು ಕಡತವನ್ನು ಹಿಂದೊಮ್ಮೆ ನಾನೇ ಕೈಯಾರೆ ಕೊಂದಿದ್ದೆ. ಅದರ ಕಥೆ ಮುಂದೆ ಬರುತ್ತದೆ.

ಉಬ್ಬಿದ ಮೊಬೈಲಿನ ವಿಚಾರ ಮೊದಲೇ ಮುಗಿಸಿಬಿಡುತ್ತೇನೆ. ಅದನ್ನು ಚಾರ್ಜಿಗೆ ಹಾಕಬೇಡಿ, ಒತ್ತಿ ಮುಚ್ಚಳ ಕೂರಿಸಬೇಡಿ, ಚುಚ್ಚಬೇಡಿ. ರಿಪೇರಿ ಅಂಗಡಿಯಲ್ಲಿ ಬ್ಯಾಟರಿ ತೆಗೆಸಿ ಹೊಸದು ಹಾಕಿಸಿದ ಮೇಲೆಯೇ ಒಳಗಿನದನ್ನು ನಕಲು ಮಾಡಿಕೊಳ್ಳಿ.

ಯಂತ್ರ ಏಳದಿದ್ದರೆ

ಡೆಸ್ಕ್‌ಟಾಪಿನ ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು, ಒಳಗಿನಿಂದ ಉದ್ದುದ್ದದ ಬೀಪ್ ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು. ಇದು ಹೆಚ್ಚಾಗಿ ಯಂತ್ರದ ತಾತ್ಕಾಲಿಕ ನೆನಪಾದ ರ‍್ಯಾಮಿನ ತಕರಾರು. ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿ ಒರೆಸಿ, ಮತ್ತೆ ಕಟಕ್ ಎನ್ನುವವರೆಗೆ ಒತ್ತಿ ಕೂರಿಸಿದರೆ ಎಷ್ಟೋ ಸಲ ಯಂತ್ರ ಎದ್ದು ಕೂರುತ್ತದೆ. ನನ್ನದೂ ಎದ್ದಿತು. ತೇವದ ಊರಿನಲ್ಲಿ ಆ ಅಂಚಿನ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ, ಅಷ್ಟೆ.

ಎದ್ದ ಮೇಲೆ ಅದು ಹೇಳಿದ ದಿನಾಂಕ ನನ್ನ ಯಂತ್ರ ಹುಟ್ಟುವ ಮೊದಲಿನದು. ಬೂಟ್ ಆಗುವ, ಅಂದರೆ ಯಾವುದರಿಂದ ಶುರುವಾಗಬೇಕೆಂಬ ಕ್ರಮವನ್ನೂ ಮರೆತು, ಫ್ಲಾಪಿಯನ್ನು ಹುಡುಕುತ್ತಾ ನಿಂತಿತು. ಇದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ ಸತ್ತಿರುವ ಲಕ್ಷಣ. ಅದರ ಹೆಸರು ಸಿಆರ್2032. ಅಂಕಿಗಳಲ್ಲಿಯೇ ಅಳತೆಯಿದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಹೊಸದು 3 ವೋಲ್ಟ್ ಕೊಡುತ್ತದೆ. ನನ್ನ ಹಳೆಯದನ್ನು ಮಲ್ಟಿಮೀಟರಿಗೆ ಹಿಡಿದಾಗ ಒಂದು ವೋಲ್ಟೂ ತೋರಿಸಲಿಲ್ಲ. ಬದಲಾಯಿಸಿ, ದಿನಾಂಕ ಸರಿಪಡಿಸಿ, ಹಾರ್ಡ್ ಡಿಸ್ಕಿನಿಂದ ಬೂಟ್ ಆಗುವಂತೆ ಮಾಡಿದರೆ ಆ ದೋಷ ಮುಗಿಯಿತು. ದಿನಾಂಕ ತಪ್ಪಿದ್ದರೇನಂತೆ ಎಂದು ಬಿಡಬೇಡಿ. ತಪ್ಪು ದಿನಾಂಕದಲ್ಲಿ ಉಳಿಸಿದ ಕಡತಗಳು ಪಟ್ಟಿಯಲ್ಲಿ ಎಲ್ಲೋ ಹೋಗಿ ಕೂರುತ್ತವೆ, ಯಾವುದು ಹೊಸ ಪ್ರತಿ, ಯಾವುದು ಹಳೆಯದು ಎಂದು ಆಮೇಲೆ ಬ್ರಹ್ಮನಿಗೂ ಹೇಳಲಾಗದು.

ಮದರ್‌ಬೋರ್ಡಿನ ಮೇಲೆ ಸಣ್ಣ ಡ್ರಮ್ಮುಗಳಂತೆ ನಿಂತಿರುವ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಅಂಟು ಸೋರಿದ್ದರೆ ಆ ಬೋರ್ಡಿನ ಆಸೆ ಬಿಡಿ. ಆ ಕಾಲದ ಬೋರ್ಡುಗಳಲ್ಲಿ ಈ ರೋಗ ಮನೆಮಾತಾಗಿತ್ತು. ಯಂತ್ರವನ್ನು ಬದುಕಿಸಲೇಬೇಕೆಂಬ ಹಟ ನನಗೂ ಇತ್ತು. ಬೇಕಿರುವುದು ಯಂತ್ರವಲ್ಲ, ಅದರ ಹೊಟ್ಟೆಯಲ್ಲಿರುವ ಡಿಸ್ಕ್ ಎಂದು ಅಣ್ಣನ ಮಗಳು ನೆನಪಿಸಬೇಕಾಯಿತು. "ಚಿಕ್ಕಪ್ಪ, ತೆಂಗಿನಕಾಯಿಗಾಗಿ ಮರವನ್ನೇ ಮನೆಗೆ ತರುತ್ತೀರಾ?" ಎಂದಳು.

ಡಿಸ್ಕನ್ನು ಹೊರತೆಗೆದು ಓದುವುದು

ಹಳೆಯ ಡಿಸ್ಕಿನ ಹಿಂಬದಿಯಲ್ಲಿ ಅಗಲವಾದ, ಎರಡು ಸಾಲು ಪಿನ್ನುಗಳ ಬಾಯಿ ಇದ್ದರೆ ಅದು ಐಡಿಇ ಎಂಬ ಹಳೆಯ ಬಗೆಯ ಜೋಡಣೆ. ಡೆಸ್ಕ್‌ಟಾಪಿನದಾದರೆ 40 ಪಿನ್ನಿನ ಸ್ಥಾನ, ಪಕ್ಕದಲ್ಲಿ ಬೇರೆಯಾಗಿ ವಿದ್ಯುತ್ತಿನ ನಾಲ್ಕು ತಂತಿಯ ಪ್ಲಗ್ಗು. ಹಳೆಯ ಲ್ಯಾಪ್‌ಟಾಪಿನ ಐಡಿಇ ಡಿಸ್ಕಿಗೆ 44 ಪಿನ್, ವಿದ್ಯುತ್ತೂ ಅದರಲ್ಲಿಯೇ ಹೋಗುತ್ತದೆ. ತೆಳ್ಳನೆಯ, ಇಂಗ್ಲಿಷಿನ ಎಲ್ ಆಕಾರದ ಬಾಯಿ ಇದ್ದರೆ ಸಾಟಾ ಎಂಬ ಆಮೇಲಿನ ಬಗೆ. ಎರಡಕ್ಕೂ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ಕೊಳ್ಳುವಾಗ ಒಂದು ಎಚ್ಚರ: ಡೆಸ್ಕ್‌ಟಾಪಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿ ಕೊಡುವುದು 5 ವೋಲ್ಟ್ ಮಾತ್ರ. ಆದ್ದರಿಂದ ಅಡಾಪ್ಟರಿನ ಜೊತೆ ಬೇರೆ ವಿದ್ಯುತ್ ಪೂರೈಕೆಯ ಇಟ್ಟಿಗೆ ಇರಲೇಬೇಕು. ನಾನು ಮೊದಲು ತಂದದ್ದರಲ್ಲಿ ಅದು ಇರಲಿಲ್ಲ. ಡಿಸ್ಕ್ ಸತ್ತೇ ಹೋಗಿದೆ ಎಂದು ಒಂದು ರಾತ್ರಿ ನಿದ್ದೆಗೆಟ್ಟೆ.

ವಿದ್ಯುತ್ ಕೊಟ್ಟ ಮೇಲೂ ಕಂಪ್ಯೂಟರಿಗೆ ಕಾಣದಿದ್ದರೆ ಐಡಿಇ ಡಿಸ್ಕಿನ ಹಿಂಬದಿಯಲ್ಲಿ ಎರಡು ಪಿನ್ನುಗಳನ್ನು ಕೂಡಿಸುವ ಪುಟಾಣಿ ತುಣುಕು, ಅಂದರೆ ಜಂಪರ್ ನೋಡಿ. ಅದು ಸ್ಲೇವ್ ಸ್ಥಾನದಲ್ಲಿದ್ದರೆ ಮಾಸ್ಟರ್ ಸ್ಥಾನಕ್ಕೆ ಬದಲಾಯಿಸಿ. ಚಿತ್ರ ಡಿಸ್ಕಿನ ಮೈಮೇಲೆಯೇ ಮುದ್ರಿತವಾಗಿರುತ್ತದೆ.

ಈಗ ಕಿವಿಗೆ ಕೆಲಸ. ಒಂದೇ ಸಮನೆ ಏರಿ ನಿಲ್ಲುವ ಗುಂಯ್ ಸದ್ದು ಕ್ಷೇಮದ ಲಕ್ಷಣ. ಲಯಬದ್ಧವಾಗಿ ಟಿಕ್ ಟಿಕ್ ಎಂದು ಮತ್ತೆ ಮತ್ತೆ ಹೊಡೆದುಕೊಂಡರೆ ತಕ್ಷಣ ಆರಿಸಿ. ಒಳಗೆ ಓದುವ ತಲೆ ಕೆಟ್ಟಿರುತ್ತದೆ, ಓಡಿಸಿದಷ್ಟೂ ಹಾನಿ ಹೆಚ್ಚು. ಅಲ್ಲಿಂದ ಮುಂದೆ ಅದು ಮನೆಯ ಕೆಲಸವಲ್ಲ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಫ್ರಿಜ್ಜಿನಲ್ಲಿ ಮಜ್ಜಿಗೆ ಇಡಿ.

ಇನ್ನೊಂದು ಸಂಗತಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಹಳೆಯ ಡಿಸ್ಕ್ ಜೋಡಿಸಿದಾಗ ವಿಂಡೋಸ್ ಕೆಲವೊಮ್ಮೆ "ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು" ಎಂಬ ಪೆಟ್ಟಿಗೆ ತೆರೆಯುತ್ತದೆ. ಅದು ಸಲಹೆಯಂತೆ ಕಂಡರೂ ಸಲಹೆಯಲ್ಲ. ರದ್ದು ಒತ್ತಿ, ಡಿಸ್ಕ್ ಬಿಚ್ಚಿ, ಪೆನ್ ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ಅದರಲ್ಲಿ ನೋಡಿ. ವಿಂಡೋಸಿಗೆ ಅರ್ಥವಾಗದ ಎಷ್ಟೋ ಡಿಸ್ಕುಗಳು ಅಲ್ಲಿ ತೆರೆದುಕೊಳ್ಳುತ್ತವೆ. ವಿಂಡೋಸಿನ ಹಳೆಯ ಆವೃತ್ತಿ ಎಕ್ಸ್‌ಪಿ ಕಾಲದ ಬಳಕೆದಾರರ ಕಡತಕೋಶಕ್ಕೆ "ಅನುಮತಿಯಿಲ್ಲ" ಎನ್ನುವ ತಕರಾರೂ ಅಲ್ಲಿರುವುದಿಲ್ಲ. ಸಾಧ್ಯವಾದರೆ ಮೊದಲು ಇಡೀ ಡಿಸ್ಕಿನ ನಕಲನ್ನು ಡಿಡಿರೆಸ್ಕ್ಯೂ ಎಂಬ ಉಚಿತ ಸಲಕರಣೆಯಿಂದ ತೆಗೆದುಕೊಳ್ಳಿ. ಅದು ಚೆನ್ನಾಗಿ ಓದಬಲ್ಲ ಭಾಗಗಳನ್ನು ಮೊದಲು ಓದಿ ಮುಗಿಸಿ, ಹಟಮಾರಿ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದೆ ಎಂದು ಲೆಕ್ಕವಿಡುವುದರಿಂದ ನಡುವೆ ಕರೆಂಟು ಹೋದರೂ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ನನ್ನ ಊರಿಗೆಂದೇ ಮಾಡಿದಂತಿದೆ. ಆಮೇಲಿನ ಕೆಲಸವೆಲ್ಲ ನಕಲಿನ ಮೇಲೆ, ಮೂಲವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ.

ಸಿಡಿಗಳ ಬಗ್ಗೆ ಎರಡು ಮಾತು. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಲೂ ಅಲ್ಲ. ಹೊಳೆಯುವ ಬದಿಯ ಗೀರಿಗಿಂತ ಹೆಸರು ಬರೆಯುವ ಬದಿಯ ಗೀರು ಅಪಾಯಕಾರಿ. ಸಿಡಿಯಲ್ಲಿ ಮಾಹಿತಿಯ ಪದರ ಆ ಬದಿಯ ತೆಳ್ಳನೆಯ ಬಣ್ಣದ ಕೆಳಗೇ ಇರುತ್ತದೆ. ಒಂದು ಡ್ರೈವ್ ಓದದ ಸಿಡಿಯನ್ನು ಇನ್ನೊಂದು ಓದಬಹುದು, ಮೂರು ಯಂತ್ರಗಳಲ್ಲಿ ಹಾಕಿ ನೋಡದೆ ಎಸೆಯಬೇಡಿ. ಫ್ಲಾಪಿಗಳಲ್ಲಿ ನನಗೆ ದಕ್ಕಿದ್ದು ಒಂದೇ ಒಂದು, ಅದರಲ್ಲಿದ್ದದ್ದು ಮನೆಯ ಪ್ರವೇಶಕ್ಕೆ ಕರೆದವರ ಪಟ್ಟಿ.

ಕಡತ ತೆರೆಯಿತು, ಕನ್ನಡ ಎಲ್ಲಿ?

ನಿಜವಾದ ಕೆಲಸ ಇಲ್ಲಿಂದ. ಡಿಸ್ಕಿನಿಂದ ಬಂದ ಕಡತವನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದಾಗ ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡ್ ಚಿಹ್ನೆ, ಇನ್ನಾವುದೋ ದೇಶದ ಅಕ್ಷರಗಳು ಸಾಲುಗಟ್ಟಿ ನಿಂತಿದ್ದವು. ರಿಪೇರಿ ಅಂಗಡಿಯವನು ನೋಡಿದವನೇ "ಸರ್, ಕಡತ ಹಾಳಾಗಿದೆ, ವೈರಸ್ ಇರಬೇಕು" ಎಂದ. ಹಾಳೂ ಇಲ್ಲ, ವೈರಸ್ಸೂ ಇಲ್ಲ. ಕನ್ನಡ ಓದಲಾಗದೆ ಇರುವುದಕ್ಕೆ ಐದು ರೂಪಗಳಿವೆ, ಐದಕ್ಕೂ ಮದ್ದು ಬೇರೆ. ಕಂಡದ್ದನ್ನು ಮೊದಲು ಗುರುತಿಸಿ.

ಅಕ್ಷರದ ಜಾಗದಲ್ಲೆಲ್ಲ ಖಾಲಿ ಚೌಕಗಳಿದ್ದರೆ ಅದು ಬರೀ ಫಾಂಟಿನ ಕೊರತೆ. ಒಳಗೆ ಬರಹ ಕ್ಷೇಮವಾಗಿದೆ, ಕನ್ನಡ ಫಾಂಟು ಹಾಕಿಕೊಂಡರೆ ಮುಗಿಯಿತು. ಹಳೆಯ ಮೊಬೈಲುಗಳಲ್ಲಿ ನಾವೆಲ್ಲ ವರ್ಷಗಟ್ಟಲೆ ಓದಿದ್ದು ಈ ಚೌಕಗಳನ್ನೇ.

ಅಕ್ಷರಗಳು ಕನ್ನಡವೇ ಆಗಿದ್ದು, ಒತ್ತಕ್ಷರಗಳು ಮಾತ್ರ ಕೂಡದೆ, ನಡುನಡುವೆ ಅರ್ಧಾಕ್ಷರದ ಚಿಹ್ನೆ ಬಿಡಿಯಾಗಿ ನಿಂತಿದ್ದರೆ ಅದು ಅಕ್ಷರ ಜೋಡಿಸುವ ವ್ಯವಸ್ಥೆಯ ದೋಷ. ವಿಂಡೋಸಿಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಅದರಲ್ಲಿಯೂ ಸಂಯುಕ್ತಾಕ್ಷರದ ಭಾಷೆಗಳ ಬೆಂಬಲವನ್ನು ಸೆಟ್ಟಿಂಗಿನಲ್ಲಿ ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಇಲ್ಲೂ ಬರಹಕ್ಕೆ ಏನೂ ಆಗಿಲ್ಲ, ಅದೇ ಕಡತವನ್ನು ಇಂದಿನ ಯಂತ್ರದಲ್ಲಿ ತೆರೆದರೆ ಸರಿಯಾಗಿಯೇ ಕಾಣುತ್ತದೆ.

ಗೀಟಿರುವ ಚಿಕ್ಕ ಎ, ಅದರ ಹೆಗಲ ಮೇಲೆ ಪುಟ್ಟ 2 ಅಥವಾ 3, ಆಮೇಲೊಂದು ವಿಚಿತ್ರ ಚಿಹ್ನೆ, ಮತ್ತೆ ಗೀಟಿನ ಎ, ಮತ್ತೆ ಪುಟ್ಟ 2: ಹೀಗೆ ತಾಳ ಹಾಕಿದಂತೆ ಮೂರು ಮೂರರ ಗುಂಪು ಕಂಡರೆ ಸಂತೋಷಪಡಿ. ಅದು ಯೂನಿಕೋಡ್ ಬರಹ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಇಂದಿನ ಪದ್ಧತಿಯದು, ತಪ್ಪು ಕನ್ನಡಕದಲ್ಲಿ ಓದಲಾಗುತ್ತಿದೆ, ಅಷ್ಟೆ. ಯೂನಿಕೋಡನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟುಗಳು. ಮೊದಲ ಬೈಟು ಎಲ್ಲಕ್ಕೂ ಒಂದೇ, ಎರಡನೆಯದು ಎರಡೇ ಬಗೆ. ಆದ್ದರಿಂದಲೇ ಆ ತಾಳ. ಏನನ್ನೂ ಉಳಿಸದೆ ಮುಚ್ಚಿ, ತೆರೆಯುವಾಗ ಸಂಕೇತ ಪದ್ಧತಿಯನ್ನು ಯುಟಿಎಫ್-8 ಎಂದು ಆರಿಸಿ ಮತ್ತೆ ತೆರೆಯಿರಿ.

ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಅದು ಸಾವು. ನನ್ನ ಕೈಯಾರೆ ಆದದ್ದು ಇದೇ. ಹಿಂದೊಮ್ಮೆ ಯೂನಿಕೋಡಿನಲ್ಲಿ ಬರೆದ ಮೂರು ಪ್ರಬಂಧಗಳನ್ನು ನೋಟ್‌ಪ್ಯಾಡಿಗೆ ಅಂಟಿಸಿ ಉಳಿಸಲು ಹೋದೆ. ಆಗಿನ ನೋಟ್‌ಪ್ಯಾಡ್ ತಾನಾಗಿ ಆರಿಸುತ್ತಿದ್ದದ್ದು ಕನ್ನಡಕ್ಕೆ ಜಾಗವೇ ಇಲ್ಲದ ಆನ್ಸಿ ಪದ್ಧತಿ. ಹೀಗೆ ಉಳಿಸಿದರೆ ಅಕ್ಷರಗಳು ಕಳೆದುಹೋಗುತ್ತವೆ ಎಂದು ಅದು ಎಚ್ಚರಿಸಿತ್ತು. ಎಚ್ಚರಿಕೆಯ ಪೆಟ್ಟಿಗೆಗಳನ್ನು ಯಾರು ಓದುತ್ತಾರೆ? ಸರಿ ಎಂದು ಒತ್ತಿದೆ. ಪ್ರತಿ ಸಂಕೇತದ ಜಾಗದಲ್ಲಿ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಬಂದು ಕುಳಿತಿತು. ಕನ್ನಡ ಎಂಬ ಪದಕ್ಕೆ ಐದು. ಯಾವ ತಂತ್ರಾಂಶವೂ ಅದನ್ನು ಹಿಂದಕ್ಕೆ ತಿರುಗಿಸಲಾರದು, ಹಿಂದೆ ಏನಿತ್ತು ಎಂಬುದರ ಗುರುತೇ ಅಲ್ಲಿ ಉಳಿದಿಲ್ಲ. ವಿಂಡೋಸ್ 10ರ 2019ರ ಆವೃತ್ತಿಯಿಂದ ಈಚೆಗೆ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ. ನನ್ನ ಪಾಲಿಗೆ ಹತ್ತಿಪ್ಪತ್ತು ವರ್ಷ ತಡವಾಗಿ ಬಂದ ಬುದ್ಧಿ.

ಐದನೆಯದು, ಅಂಗಡಿಯವನು ಕಂಡದ್ದು: ನುಡಿ ಅಥವಾ ಬರಹ ಎಂಬ ಹೆಸರಿನ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನ ಕಡತ.

ನುಡಿ ಕಡತದೊಳಗೆ ಇರುವುದೇನು

ನುಡಿ ಕನ್ನಡ ಗಣಕ ಪರಿಷತ್ತಿನದು, ಬರಹ 1998ರಲ್ಲಿ ಶೇಷಾದ್ರಿವಾಸು ಅವರಿಂದ ಬಂದದ್ದು. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಲ್ಲಿಯೇ ಸ್ಥಾನ ಸಿಕ್ಕಿತ್ತಾದರೂ ನಮ್ಮ ಮೇಜಿನ ಮೇಲಿನ ಯಂತ್ರಗಳಿಗೆ ಅದು ತಿಳಿಯಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಆ ನಡುಗಾಲದಲ್ಲಿ ಕಚೇರಿ, ಅಚ್ಚುಮನೆ, ಮನೆ ಎಲ್ಲೆಡೆ ಕನ್ನಡ ನಡೆದದ್ದು ಒಂದು ಜಾಣತನದ ಮೇಲೆ. ಕಂಪ್ಯೂಟರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಅಕ್ಷರಗಳು ಮಾತ್ರ. ಫಾಂಟು ಮಾಡುವವರು ಆ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ಇಟ್ಟರು. ಕಡತದೊಳಗೆ ಇರುವುದು ಇಂಗ್ಲಿಷ್, ತೊಟ್ಟಿರುವ ವೇಷ ಕನ್ನಡ.

ಕನ್ನಡ ಎಂಬ ಪದವನ್ನೇ ಬಿಚ್ಚಿ ನೋಡಿ. ನುಡಿ ಕಡತದಲ್ಲಿ ಅದು ಏಳು ಗುರುತುಗಳು: ದೊಡ್ಡ ಪಿ, ಎಡದಿಂದ ಬಲಕ್ಕೆ ಇಳಿಯುವ ಗೀಟು ಹೊತ್ತ ದೊಡ್ಡ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಎಸ್ಸೆಟ್, ಚಿಕ್ಕ ಕ್ಯೂ, ಮತ್ತೆ ಗೀಟಿನ ಎ. ಇಲ್ಲಿ ಪಿ ಎಂಬುದು ತಲೆಕಟ್ಟಿಲ್ಲದ ಕ, ಗೀಟಿನ ಎ ತಲೆಕಟ್ಟು, ಪೌಂಡ್ ಎಂಬುದು ನ, ಎಸ್ಸೆಟ್ ನಕಾರದ ಒತ್ತು, ಕ್ಯೂ ಎಂಬುದು ಡ. ಈ ಏಳನ್ನು ಗುರುತು ಹಿಡಿಯಲು ಕಲಿತರೆ ರೋಗನಿರ್ಣಯ ಮುಗಿದಂತೆ. ಅಪರಿಚಿತ ಕಡತ ಬಂದಾಗ ನಾನು ಮೊದಲು ಹುಡುಕುವುದೇ ಇದನ್ನು. ಈ ಸಾಲು ಇದ್ದರೆ ನುಡಿ ಅಥವಾ ಬರಹ. ಅಸಂಬದ್ಧ ಇಂಗ್ಲಿಷ್ ಇದ್ದು ಈ ಸಾಲು ಮಾತ್ರ ಎಲ್ಲಿಯೂ ಇಲ್ಲದಿದ್ದರೆ ಅದು ಶ್ರೀಲಿಪಿಯೋ ಆಕೃತಿಯೋ ಎಂಬ ಬೇರೆ ಕನ್ನಡ ತಂತ್ರಾಂಶದ್ದು, ಅಂದರೆ ಯಾವ ಗುರುತಿಗೆ ಯಾವ ತುಣುಕು ಎಂಬ ನಕ್ಷೆಯೂ ಬೇರೆ, ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕವೂ ಬೇರೆ.

ಅನುಮಾನ ಉಳಿದರೆ ಗಾತ್ರದ ಪರೀಕ್ಷೆ ಮಾಡಿ. ಆ ಒಂದೇ ಪದವಿರುವ ಸಾದಾ ಪಠ್ಯ ಕಡತ ನುಡಿಯಲ್ಲಿ 7 ಬೈಟು. ಯೂನಿಕೋಡಿನಲ್ಲಿ ಅದೇ ಪದ ಐದು ಸಂಕೇತ, ಯುಟಿಎಫ್-8ರಲ್ಲಿ ಉಳಿಸಿದರೆ 15 ಬೈಟು.

ಹಳೆಯ ಫಾಂಟನ್ನು ಹೊಸ ಯಂತ್ರಕ್ಕೆ ಹಾಕಿಕೊಂಡರೆ ಕಡತ ಕನ್ನಡವಾಗಿಯೇ ಕಾಣುತ್ತದೆ. ಅನೇಕರು ಅಲ್ಲಿಗೇ ನಿಲ್ಲಿಸುತ್ತಾರೆ. ಒಮ್ಮೆ ಓದಿ ಎಸೆಯುವುದಾದರೆ ಸಾಕು. ಬಾಗಿಲು ಹಾಕಿ ಹೋಗುವವನಿಗೆ ಸಾಲದು, ಮುಂದೆ ಆ ಫಾಂಟು ಇಲ್ಲದವರ ಕೈಗೆ ಸಿಗುವುದು ಪೌಂಡು, ಎಸ್ಸೆಟ್ಟುಗಳ ರಾಶಿಯೇ. ಪಿಡಿಎಫ್ ಮಾಡಿಟ್ಟರೆ ಆಯಿತಲ್ಲ ಎಂದರೆ, ನೋಡಲು ಅದು ಸುಂದರ, ಅದರಿಂದ ಒಂದು ಸಾಲು ನಕಲು ಮಾಡಿ ನೋಡಿ, ಮತ್ತೆ ಅದೇ ರಾಶಿ. ಯೂನಿಕೋಡಿಗೆ ಪರಿವರ್ತಿಸಲೇಬೇಕು. ನುಡಿಗೂ ಬರಹಕ್ಕೂ ಪರಿವರ್ತಕಗಳಿವೆ, ಸ್ವತಂತ್ರ ತಂತ್ರಾಂಶದವರು ಮಾಡಿದವೂ ಇವೆ. ಯಾವುದನ್ನು ಬಳಸಿದರೂ ಮುಂದಿನ ದೋಷಗಳಲ್ಲಿ ಒಂದಾದರೂ ಎದುರಾಗುವ ಸಾಧ್ಯತೆ ಇದ್ದೇ ಇದೆ.

ಪರಿವರ್ತನೆಯ ನಂತರದ ಗಾಯಗಳು

ಮೊದಲ ಕಡತ ಪರಿವರ್ತಿಸಿದಾಗ 2004ರ ಒಂದು ಲೇಖನದಲ್ಲಿ ಹೀಗೊಂದು ವಾಕ್ಯ ಬಂದಿತು: "ಶಿವಮೊಗ್ಗದಲ್ಲಿ ಹತ್ತು ಅಆ ಕೊಂಡೆ." ಹತ್ತು ಅಆ ಎಂದರೇನು ಎಂದು ಮನೆಮಂದಿಯೆಲ್ಲ ತಲೆ ಕೆರೆದುಕೊಂಡೆವು. ನಾನು ಮೂಲದಲ್ಲಿ ಸಿಡಿ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದೆ. ನುಡಿಯ ನಕ್ಷೆಯಲ್ಲಿ ಸಿ ಎಂದರೆ ಅ, ಡಿ ಎಂದರೆ ಆ. ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷದ ಕನ್ನಡ ಎಂದು ತಿಳಿಯಲಿಲ್ಲ. ಕಾರಣ ನಾನೇ. ವರ್ಡ್ ಕಡತದಲ್ಲಿ ಪ್ರತಿ ಪದದ ಫಾಂಟಿನ ಹೆಸರು ಇರುತ್ತದೆ. ನಾನು ಅವಸರದಲ್ಲಿ ಎಲ್ಲವನ್ನೂ ನೋಟ್‌ಪ್ಯಾಡಿಗೆ ಅಂಟಿಸಿ ಆ ಗುರುತನ್ನು ಅಳಿಸಿಬಿಟ್ಟಿದ್ದೆ. ಮೂಲ ಕಡತದಿಂದಲೇ ಪರಿವರ್ತಿಸಿ, ಫಾಂಟು ನೋಡಿ ಬದಲಾಯಿಸುವ ಪರಿವರ್ತಕ ಬಳಸಿ. ಅದು ಸಿಗದಿದ್ದರೆ ಇಂಗ್ಲಿಷ್ ಪದಗಳಿಗೆ ಮೊದಲೇ ಗುರುತು ಹಾಕಿಟ್ಟುಕೊಳ್ಳಿ.

ಮನೆ ಎಂಬುದು ವುನೆ, ಮತ್ತು ಎಂಬುದು ವುತ್ತು ಆಗಿದ್ದರೆ ಕಾರಣ ಬೇರೆ. ಕನ್ನಡ ಲಿಪಿಯಲ್ಲಿ ಮ ನೋಡಲು ವಕಾರಕ್ಕೆ ಬಾಲ ಹಚ್ಚಿದಂತಿದೆ. ನುಡಿಯವರು ಅದನ್ನು ಹಾಗೆಯೇ ಕಟ್ಟಿದರು: ವ, ತಲೆಕಟ್ಟು, ಮೇಲೆ ಎರಡು ಚುಕ್ಕೆಯ ಎ ಎಂಬ ಕೊಂಬು. ಆದರೆ ನಿಜವಾದ ವು ಬರೆಯಲು ಬೇರೆ ಕೊಂಬು ಇದೆ, ತಲೆಯ ಮೇಲೆ ಉಂಗುರ ಹೊತ್ತ ಎ. ಈ ಸೂಕ್ಷ್ಮ ತಿಳಿಯದ ಪರಿವರ್ತಕ ಎರಡಕ್ಕೂ ವು ಎಂದೇ ಬರೆಯುತ್ತದೆ. ಯ ಎಂಬ ಅಕ್ಷರದ ಜಾಗದಲ್ಲಿ ಅನುಸ್ವಾರದ ಸೊನ್ನೆಯೂ ಅದರ ಬೆನ್ನಿಗೆ ಇಂಗ್ಲಿಷಿನ ಚಿಕ್ಕ ಐ ಕೂಡ ಕಂಡರೆ ಅದೂ ಇದೇ ಜಾತಿಯ ತಪ್ಪು, ತುಣುಕುಗಳನ್ನು ಕೂಡಿಸಿ ಓದದೆ ಬಿಡಿಬಿಡಿಯಾಗಿ ಬದಲಾಯಿಸಿದ್ದರ ಫಲ.

ವು ಇದ್ದಲ್ಲೆಲ್ಲ ಮ ಎಂದು ಒಂದೇ ಏಟಿಗೆ ಬದಲಾಯಿಸಬೇಡಿ. ನಾವು, ನೋವು, ಹೂವು, ಸಾವು ಎಲ್ಲ ಕೆಡುತ್ತವೆ. ಕನ್ನಡ ಪದ ವು ಇಂದ ಶುರುವಾಗುವುದಿಲ್ಲ ಎಂಬ ಧೈರ್ಯದಲ್ಲಿ ನಾನು ಪದದ ಆರಂಭದಲ್ಲಿ ಮಾತ್ರ ಬದಲಾಯಿಸಿದೆ. ಒಂದೇ ಒಂದು ಕಡೆ ವುಡ್‌ಲ್ಯಾಂಡ್ಸ್ ಹೋಟೆಲು ಮಡ್‌ಲ್ಯಾಂಡ್ಸ್ ಆಯಿತು. ಆದರೆ ಪದದ ನಡುವಿನ ಮಕಾರಗಳು ಹಾಗೆಯೇ ಉಳಿದವು. ಕೊನೆಗೆ ಅದನ್ನೆಲ್ಲ ಎಸೆದು, ಬೇರೆ ಪರಿವರ್ತಕದಿಂದ ಮೂಲವನ್ನೇ ಹೊಸದಾಗಿ ಪರಿವರ್ತಿಸಿದೆ. ಅರ್ಧ ಗಂಟೆಯಲ್ಲಿ ಮುಗಿಯಿತು. ತೇಪೆ ಹಚ್ಚುವುದಕ್ಕೆ ಮೂರು ದಿನ ಹೋಗಿತ್ತು.

ಅರ್ಕಾವತ್ತಿನದು ಇನ್ನೊಂದು ಪುರಾಣ. ಬರೆಯುವಾಗ ನಾವು ಕರ್ನಾಟಕದ ಅರ್ಕಾವತ್ತನ್ನು ನಾ ಆದ ಮೇಲೆ ಹಾಕುತ್ತೇವೆ, ಉಚ್ಚರಿಸುವಾಗ ನಾ ಎನ್ನುವ ಮೊದಲು. ನುಡಿ ಬರೆಯುವ ಕ್ರಮವನ್ನು ಹಿಡಿದಿದೆ, ಯೂನಿಕೋಡ್ ಉಚ್ಚಾರದ ಕ್ರಮವನ್ನು. ಪರಿವರ್ತಕ ಆ ರಕಾರವನ್ನು ಎತ್ತಿ ಹಿಂದಕ್ಕೆ ಇಡಬೇಕು. ಇಡದಿದ್ದರೆ ಕರ್ನಾಟಕ ಹೋಗಿ ಕನಾರ್ಟಕ, ವರ್ಷ ಹೋಗಿ ವಷರ್, ಧರ್ಮ ಹೋಗಿ ಧಮರ್. ಪರಿವರ್ತಕವನ್ನು ನಂಬುವ ಮೊದಲು ಈ ನಾಲ್ಕು ಪದಗಳಿರುವ ಒಂದು ಸಾಲು ಕೊಟ್ಟು ಪರೀಕ್ಷಿಸಿ: ಮನೆ, ಯಾವ, ಕರ್ನಾಟಕ, ರ‍್ಯಾಂಕ್. ಕೊನೆಯ ಪದ ಯಾಕೆಂದರೆ, ರ‍್ಯಾಂಕ್ ಎಂಬಲ್ಲಿ ರಕಾರ ಪೂರ್ತಿಯಾಗಿ ಉಳಿದು ಯಕಾರ ಒತ್ತಾಗಬೇಕು. ಅದಕ್ಕೆ ಯೂನಿಕೋಡಿನಲ್ಲಿ ರಕಾರದ ಬೆನ್ನಿಗೆ ಅಗಲವಿಲ್ಲದ, ಕಣ್ಣಿಗೆ ಕಾಣದ ಒಂದು ಕೂಡಿಸುವ ಸಂಕೇತ ಬೇಕು. ಅದು ಬಿಟ್ಟುಹೋದರೆ ಪದ ಅರ್ಕಾವತ್ತು ಹೊತ್ತು ನಿಲ್ಲುತ್ತದೆ.

ಮೂಲವೇ ಹೋಗಿ ಮುದ್ರಿತ ಪ್ರತಿ ಮಾತ್ರ ಉಳಿದಿದ್ದರೆ ಸ್ಕ್ಯಾನ್ ಮಾಡಿ ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶದಿಂದ ಓದಿಸಬಹುದು, ಅದಕ್ಕೆ ಕನ್ನಡ ಬರುತ್ತದೆ. ಅದೂ ಆಗೀಗ ಮಕಾರವನ್ನು ವು ಎಂದು ಓದುತ್ತದೆ. ಅದರ ತಪ್ಪಿಗೆ ಕಾರಣ ನಕ್ಷೆಯಲ್ಲ, ಅಕ್ಷರದ ರೂಪವೇ. ಪ್ರಶ್ನಾರ್ಥಕ ಚಿಹ್ನೆಗಳಾಗಿ ಸತ್ತಿದ್ದ ನನ್ನ ಮೂರು ಪ್ರಬಂಧಗಳಲ್ಲಿ ಎರಡಕ್ಕೆ ಹೀಗೆ ಜೀವ ಬಂತು. ಮೂರನೆಯದನ್ನು ನಾನು ಮುದ್ರಿಸಿಯೇ ಇರಲಿಲ್ಲ.

ಖಾತೆಗಳ ವಿಚಾರ

ಕಡತ ಸಿಕ್ಕಿತೆಂದು ನಿಶ್ಚಿಂತರಾಗುವ ಮೊದಲು ಹಳೆಯ ಮಿಂಚಂಚೆಗೆ ಒಮ್ಮೆ ಪ್ರವೇಶಿಸಿ ನೋಡಿ. ಪಾಸ್‌ವರ್ಡ್ ಮರೆತಿದ್ದರೆ ಒಟಿಪಿ ಹೋಗುವುದು ನೀವು ಎಂದೋ ಬಿಟ್ಟ ಮೊಬೈಲ್ ನಂಬರಿಗೆ. ಬಳಸದ ನಂಬರು ಕೆಲ ಕಾಲದ ನಂತರ ಬೇರೆಯವರ ಪಾಲಾಗುತ್ತದೆ. ಹಳೆಯ ನಂಬರು ಕೈಯಲ್ಲಿರುವಾಗಲೇ ಖಾತೆಗೆ ಹೊಸದನ್ನು ಸೇರಿಸಿಕೊಳ್ಳಿ. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. "ಅಲ್ಲೇ ಇರಲಿ, ಎಲ್ಲಿಗೆ ಹೋಗುತ್ತದೆ" ಎಂಬ ಮಾತು ಇನ್ನು ನಡೆಯುವುದಿಲ್ಲ.

ಕಣ್ಣಿಗೆ ಕಾಣದ ಕೊನೆಯ ದೋಷ

ಎಲ್ಲ ಮುಗಿಯಿತೆಂದು ನಾನೂರರಲ್ಲಿ ದಕ್ಕಿದ ಮುನ್ನೂರ ಎಪ್ಪತ್ತು ಚಿಲ್ಲರೆ ಬರಹಗಳನ್ನು ಪೆನ್ ಡ್ರೈವಿಗೆ ಹಾಕಿ ಅಣ್ಣನ ಮಗಳಿಗೆ ಕೊಟ್ಟೆ. ಮರುದಿನವೇ ಫೋನು ಬಂತು. "ಚಿಕ್ಕಪ್ಪ, ಅಜ್ಜಿ ಮೊದಲ ಸಲ ಬೆಂಗಳೂರಿಗೆ ಹೋದ ಪ್ರಬಂಧ ಇದರಲ್ಲಿ ಇಲ್ಲವಲ್ಲ?" ಇರಲೇಬೇಕು, ನಾನೇ ಓದಿ ತಿದ್ದಿದ್ದೆ. ಹುಡುಕು ಪೆಟ್ಟಿಗೆಯಲ್ಲಿ ಬೆಂಗಳೂರು ಎಂದು ಕೊಟ್ಟರೆ ಬೇರೆ ಹತ್ತಾರು ಬರಹ ತೋರಿಸುತ್ತದೆ, ಇದನ್ನು ತೋರಿಸುವುದಿಲ್ಲ. ಹೋದ ಎಂದು ಕೊಟ್ಟರೂ ಇಲ್ಲ. ಕಡತ ತೆರೆದರೆ ಎರಡೂ ಪದಗಳು ಎದುರಿಗೇ ಕುಳಿತಿವೆ.

ಇಲ್ಲಿ ಎರಡು ದೋಷಗಳು ಒಟ್ಟಿಗೆ ಇದ್ದವು. ಪರಿವರ್ತಿಸುವಾಗ ಬಿಟ್ಟುಹೋದ ಪದಗಳನ್ನು ನಾನು ಕೈಯಿಂದ ತುಂಬಿದಾಗ ಅನುಸ್ವಾರದ ಸೊನ್ನೆಯ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದ್ದೆ. ಬೆಂಗಳೂರು ಮತ್ತು ಬೆ೦ಗಳೂರು, ನಿಮ್ಮ ಕಣ್ಣಿಗೆ ವ್ಯತ್ಯಾಸ ಕಂಡರೆ ನಿಮ್ಮ ಫಾಂಟು ಒಳ್ಳೆಯದು. ಹಿಂದೆ ಬಹಳ ಜನ ಹೀಗೆಯೇ ಬರೆಯುತ್ತಿದ್ದರು. ಬದಲಾಯಿಸುವಾಗ ೧೦, ೨೦೦೪ ಇಂಥ ನಿಜವಾದ ಅಂಕಿಗಳನ್ನು ಮುಟ್ಟದೆ, ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನು ಮಾತ್ರ ತಿದ್ದಬೇಕು.

ಹೋದ ಎಂಬುದರ ತೊಡಕು ಇನ್ನೂ ಒಳಗಿನದು. ನುಡಿಯಲ್ಲಿ ಹೋ ಎಂದರೆ ಹ, ಅದಕ್ಕೆ ಏತ್ವ, ಅದಕ್ಕೆ ಕೊಂಬಿನ ಇಳಿ, ಅದಕ್ಕೆ ದೀರ್ಘ, ಹೀಗೆ ಬೇರೆ ಬೇರೆ ತುಣುಕು. ಪರಿವರ್ತಕ ಆ ಮೂರು ಚಿಹ್ನೆಗಳನ್ನು ಮೂರಾಗಿಯೇ ಇಟ್ಟಿತ್ತು. ನಾವು ಇಂದು ಕೀಲಿಮಣೆಯಲ್ಲಿ ಒತ್ತಿದರೆ ಬರುವುದು ಒಂದೇ ಓಕಾರದ ಸಂಕೇತ. ಪರದೆಯ ಮೇಲೆ ಎರಡೂ ಹೋದ ಎಂದೇ ಕಾಣುತ್ತವೆ, ಒಂದು 9 ಬೈಟು, ಇನ್ನೊಂದು 15. ಯೂನಿಕೋಡಿನ ನಿಯಮದಂತೆ ಎರಡೂ ಸಮ, ಆದರೆ ಎಲ್ಲ ಹುಡುಕು ಪೆಟ್ಟಿಗೆಗಳೂ ಆ ನಿಯಮ ಓದಿಲ್ಲ. ಎಲ್ಲ ಕಡತಗಳನ್ನೂ ಎನ್‌ಎಫ್‌ಸಿ ಎಂಬ, ತುಣುಕುಗಳನ್ನು ಕೂಡಿಸಿದ ಒಂದೇ ರೂಪಕ್ಕೆ ತರುವ ಸಣ್ಣ ಪೈಥಾನ್ ಪ್ರೋಗ್ರಾಮಿನ ಸಾಲನ್ನು ಅವಳೇ ಬರೆದು ಓಡಿಸಿದಳು. ಈ, ಏ, ಐ, ಓ ಕಾರಗಳೆಲ್ಲ ಒಂದೇ ಸಲಕ್ಕೆ ಸರಿಯಾದವು.

ಆಮೇಲೆ ಮತ್ತೆ ಬೆಂಗಳೂರು ಎಂದು ಹುಡುಕಿದಳು. ಅಜ್ಜಿ ಸಿಕ್ಕಳು, ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಹಲಸಿನ ಹಪ್ಪಳದ ಗಂಟು ಹುಡುಕುತ್ತಿದ್ದಳು.